ಕಾರ್ಪೆಟ್ ಮೇಲೆ ಟವರ್ ಸ್ಪೀಕರ್: ರಬ್ಬರ್ ಕಾಲು, ಗ್ರಾನೈಟ್, ಸ್ಪೈಕ್

ದಾವಣಗೆರೆ ಬಿಸಿಲಲ್ಲಿ ಹಾಲ್‌ಗೆ ಕಾರ್ಪೆಟ್ ಯಾಕೆ ಅಂತ ಮನೆಗೆ ಬಂದವರು ಕೇಳುತ್ತಾರೆ. ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ಹಾಡು ಗಂಯ್ ಅನ್ನುತ್ತದೆ. ಕಾರ್ಪೆಟ್ ಆ ಗದ್ದಲ ಇಳಿಸುತ್ತದೆ. ಆದರೆ ಅದರ ಮೇಲೆ ನಿಂತ ಟವರ್ ಸ್ಪೀಕರ್ ಅಲ್ಲಾಡುತ್ತದೆ. ನನ್ನವು ಒಂದೊಂದೂ 18 ಕೆಜಿ, ಮೂರಡಿಗಿಂತ ಎತ್ತರ. ಮಕ್ಕಳು ಓಡಾಡುವ ಮನೆಯಲ್ಲಿ ಮೊದಲ ಚಿಂತೆ ಇದೇ ಅಲ್ವಾ?

ಸ್ಪೀಕರ್ ಜೊತೆ ಬಂದ ರಬ್ಬರ್ ಕಾಲು ಬರಿ ಟೈಲ್ಸ್ ಮೇಲೆ ಚೆನ್ನ. ಕಾರ್ಪೆಟ್ ಮೇಲೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಹೂತು ಸ್ಪೀಕರ್ ವಾಲುತ್ತದೆ. ಬೇಡ.

ಗ್ರಾನೈಟ್ ವಾಸಿ. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ತುಂಡನ್ನು ಅಂಗಡಿಯವರು ಬೇಕಾದ ಅಳತೆಗೆ ಕತ್ತರಿಸಿ ಅಂಚು ಉಜ್ಜಿ ಕೊಡುತ್ತಾರೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, 18 ಎಂಎಂ ದಪ್ಪದ ತುಂಡು 7 ಕೆಜಿ ಹತ್ತಿರ ತೂಗುತ್ತದೆ. ಭಾರ ಅಗಲಕ್ಕೆ ಹರಡುವುದರಿಂದ ವಾಲುವುದು ನಿಲ್ಲುತ್ತದೆ. ಇದರ ಮೇಲಾದರೆ ರಬ್ಬರ್ ಕಾಲೇ ಸರಿ. ಆದರೂ ಮೇಲಿನ ತುದಿ ಹಿಡಿದು ನೂಕಿದರೆ ಕಲ್ಲಿನ ಸಮೇತ ಸ್ವಲ್ಪ ಓಲಾಡುತ್ತದೆ, ಕೆಳಗಿರುವುದು ಮೆತ್ತನೆಯದೇ ತಾನೆ.

ನನ್ನ ಓಟು ಸ್ಪೈಕ್‌ಗೆ, ಅಂದರೆ ರಬ್ಬರ್ ಕಾಲಿನ ಬದಲು ಸ್ಪೀಕರ್ ತಳಕ್ಕೆ ತಿರುಗಿಸಿ ಕೂರಿಸುವ ಚೂಪು ಲೋಹದ ಕಾಲಿಗೆ. ಚೂಪು ತುದಿ ಕಾರ್ಪೆಟ್‌ನ ಎಳೆಗಳ ನಡುವೆ ತೂರಿ ಗಟ್ಟಿ ನೆಲ ಮುಟ್ಟುತ್ತದೆ. ಮುಟ್ಟಲೇಬೇಕು, ಅರ್ಧಕ್ಕೆ ನಿಂತರೆ ರಬ್ಬರ್‌ಗಿಂತ ಕಡೆ. ಕೊಳ್ಳುವ ಮೊದಲು ಚೀಲ ಹೊಲಿಯುವ ದಬ್ಬಳವನ್ನು ಕಾರ್ಪೆಟ್‌ಗೆ ಚುಚ್ಚಿ, ತುದಿ ಟೈಲ್ಸ್ ತಾಗಿದಾಗ ಕಾರ್ಪೆಟ್ ಮಟ್ಟದಲ್ಲಿ ದಬ್ಬಳದ ಮೇಲೆ ಉಗುರಿಟ್ಟು ಅಳೆಯಿರಿ. ಸ್ಪೈಕ್ ಅದಕ್ಕಿಂತ ಉದ್ದ ಇರಲಿ. ಥ್ರೆಡ್ ಸಾಮಾನ್ಯವಾಗಿ ಎಂ6 ಇಲ್ಲವೇ ಎಂ8 (6 ಇಲ್ಲವೇ 8 ಎಂಎಂ ದಪ್ಪ), ಸ್ಪೀಕರ್‌ನ ತಳ ನೋಡಿಕೊಂಡೇ ತನ್ನಿ. ನಾಲ್ಕೂ ಕಾಲು ನೆಲ ಕಚ್ಚುವ ತನಕ ಒಂದೊಂದನ್ನೇ ತಿರುಗಿಸಿ, ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಈಗ ಮೆಲ್ಲಗೆ ನೂಕಿದರೆ ಸ್ಪೀಕರ್ ಅಲ್ಲಾಡುವುದಿಲ್ಲ.

ಬಾಸ್ ಪೂರ್ತಿ ಬದಲಾಯಿತು ಅನ್ನುವವರಿದ್ದಾರೆ. ನನಗೆ ತಬಲಾದ ಎಡ ಪೆಟ್ಟು ಕೊಂಚ ಬಿಡಿಸಿ ಕೇಳಿತು, ಅಷ್ಟೇ. ಕೆಲವೇ ಗ್ರಾಂ ತೂಕದ ಕೋನ್ (ದನಿ ಹೊರಡಿಸಲು ಹಿಂದೆ ಮುಂದೆ ಆಡುವ ಪೊರೆ) 18 ಕೆಜಿ ಡಬ್ಬವನ್ನು ಎಷ್ಟು ತಾನೇ ಅಲ್ಲಾಡಿಸೀತು!

ಟೈಲ್ಸ್ ಮೇಲೆ ಚುಕ್ಕಿ ಗುರುತು ಬೀಳಬಹುದು. ಹಾಗಾಗಿ ಬಾಡಿಗೆ ಮನೆಯವರಿಗೆ ಗ್ರಾನೈಟೇ ಕ್ಷೇಮ. ಸ್ಪೈಕ್ ಹಾಕಿದ ಮೇಲೆ ಸ್ಪೀಕರನ್ನು ಎಳೆದಾಡಬೇಡಿ, ಇಬ್ಬರು ಸೇರಿ ಎತ್ತಿಡಿ. ಕಾರ್ಪೆಟ್ ಅಡಿ ವೈರ್ ಹಾಯ್ದಿದ್ದರೆ ಮೊದಲೇ ಪಕ್ಕಕ್ಕೆ ಸರಿಸಿ. ಸ್ಪೈಕ್ ಅದಕ್ಕೆ ಚುಚ್ಚಿದರೆ ಶಾರ್ಟ್ ಆಗಿ ಆಂಪ್ಲಿಫೈಯರ್‌ಗೇ ಪೆಟ್ಟಾಗಬಹುದು.