ಪಾಮಿರ್ ಹೈವೇ ಗ್ರೂಪ್ ಟೂರ್ ರಿವ್ಯೂ: ದುಡ್ಡು ಕಟ್ಟೋ ಮುಂಚೆ ಒಂದ್ಸಲ ಓದ್ರಿ

ಬೆಂಗಳೂರಿನ ಒಂದು ಟೂರ್ ಕಂಪನಿ ಜೊತೆ ಜುಲೈನಲ್ಲಿ ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ದುಶಾಂಬೆವರೆಗೆ ಪಾಮಿರ್ ಹೈವೇ ಮಾಡಿ ಬಂದ್ವಿ. ದಾವಣಗೆರೆಯಿಂದ ನಾನು, ನಮ್ಮ ಮನೆಯವ್ರು, ನಾದಿನಿ, ಮತ್ತೆ ವಿದ್ಯಾನಗರದ ಡಾಕ್ಟರ್ ದಂಪತಿ, ಉಳಿದೋರೆಲ್ಲಾ ಬೆಂಗಳೂರು ಹುಬ್ಬಳ್ಳಿ ಕಡೆಯವ್ರು. ಬಂದಾಗಿಂದ ಸಿಕ್ಕೋರೆಲ್ಲಾ ಎರಡೇ ಕೇಳ್ತಾರೆ, ಅಲ್ಲಿ ಸೇಫಾ, ಊಟಕ್ಕೇನ್ ಮಾಡಿದ್ರಿ ಅಂತ. ಎರಡೂ ಹೇಳ್ತೀನಿ, ಆದ್ರೆ ಅವೆರಡಕ್ಕಿಂತ ದೊಡ್ಡ ವಿಷಯ ಎತ್ತರದ್ದು, ಅದನ್ನ ಯಾರೂ ಕೇಳಲ್ಲ, ಕಂಪನಿಯವರೂ ತಾವಾಗಿ ಹೇಳಲ್ಲ. ಕಂಪನಿ ಹೆಸರು ಇಲ್ಲಿ ಹಾಕ್ತಿಲ್ಲ, ಈ ರೂಟಲ್ಲಿ ಕರ್ಕೊಂಡು ಹೋಗೋರು ಬೇರೆಯವ್ರೂ ಇದಾರೆ, ಯಾರ ಹತ್ರ ಹೋದ್ರೂ ನೀವು ಕೇಳಬೇಕಾಗಿರೋದು ಇವೇ.

ನನ್ನ ಮಾರ್ಕ್ಸ್ ಮೊದಲೇ ಹೇಳಿಬಿಡ್ತೀನಿ. ಡ್ರೈವರ್‌ಗಳು, ಲೋಕಲ್ ಗೈಡ್, ಮನೆ ಊಟ ಹಾಕಿದ ಜನ, ಇವ್ರಿಗೆ ಐದಕ್ಕೆ ಐದು. ಆಫೀಸಲ್ಲಿ ಕೂತು ಐಟಿನರಿ ಮಾಡಿದೋರಿಗೆ ಐದಕ್ಕೆ ಎರಡು. ಹೋಗ್ರಿ, ಖಂಡಿತ ಹೋಗ್ರಿ, ಆದ್ರೆ ಐಟಿನರೀಲಿ ಒಂದು ರಾತ್ರಿ ಜಾಸ್ತಿ ಹಾಕ್ಸಿ ಆಮೇಲೆ ಅಡ್ವಾನ್ಸ್ ಕೊಡ್ರಿ.

ಪಾಮಿರ್ ಹೈವೇ ಅಂದ್ರೆ ಎಂ41, ಸೋವಿಯತ್ ಸರ್ಕಾರ 1930ರ ದಶಕದಲ್ಲಿ ಬೆಟ್ಟದ ಮೇಲೆ ಮಾಡಿಸಿದ ರಸ್ತೆ. ಓಶ್‌ನಿಂದ ದುಶಾಂಬೆಗೆ 1,200 ಕಿಲೋಮೀಟರ್ ಮೇಲಾಗುತ್ತೆ. ಹೈವೇ ಅನ್ನೋ ಹೆಸರು ಕೇಳಿ ನಮ್ಮ ಎನ್‌ಎಚ್ 48 ನೆನಸ್ಕೋಬೇಡ್ರಿ, ಅರ್ಧಕ್ಕರ್ಧ ಕಲ್ಲು ಧೂಳು, ಕೆಲವು ಕಡೆ ಹಳ್ಳದಲ್ಲೇ ಗಾಡಿ ಇಳೀಬೇಕು. ಓಶ್ ಊರು ಚೆನ್ನಾಗೈತೆ, ಊರ ನಡುವೆ ಸುಲೈಮಾನ್-ತೂ ಅಂತ ಬೆಟ್ಟ, 2009ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು, ಸಾಯಂಕಾಲ ಹತ್ತಿ ಬಂದ್ವಿ. ಎಂಬಿಬಿಎಸ್ ಓದೋಕೆ ಹೋಗಿರೋ ನಮ್ಮ ದೇಶದ ಹುಡುಗ್ರು ಅಲ್ಲಿ ಬೇಜಾನ್ ಇದಾರೆ, ರಸ್ತೇಲಿ ಹಿಂದಿ ಮಲಯಾಳಂ ಕಿವಿಗೆ ಬೀಳುತ್ತೆ, ಇಂಡಿಯನ್ ಮೆಸ್ಸೂ ಐತೆ. ಅನ್ನ ಸಾರು ಊಟ ಮಾಡೋರು ಅಲ್ಲೇ ಹೊಟ್ಟೆ ತುಂಬ ಮಾಡ್ಕೊಳ್ರಿ, ಮುಂದೆ ಸಿಗಲ್ಲ.

ಈಗ ಎತ್ತರದ ವಿಷಯ. ಮೇಲೆ ಹೋದಂಗೆಲ್ಲಾ ಉಸಿರಿಗೆ ಸಿಗೋ ಆಕ್ಸಿಜನ್ ಕಮ್ಮಿ ಆಗುತ್ತೆ, ಮೈ ಒಗ್ಗೋಕೆ ಟೈಮ್ ಕೊಡದಿದ್ರೆ ಕಾಯಿಲೆ ಬೀಳ್ತಾರೆ. ನಮ್ಮ ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್, ಓಶ್ ಸುಮಾರು 1,000. ಓಶ್ ಬಿಟ್ಟ ದಿನಾನೇ ಸಾರಿ-ತಾಶ್ ಅನ್ನೋ ಹಳ್ಳೀಲಿ ಮಲಗಿಸ್ತಾರೆ, ಅದು 3,100 ಮೀಟರ್ ಮೇಲೈತೆ. ಮಾರನೇ ದಿನ ಕಿಜಿಲ್-ಆರ್ಟ್ ಪಾಸ್, ಅಂದ್ರೆ ಬೆಟ್ಟ ದಾಟೋ ಘಾಟಿ, 4,280 ಮೀಟರ್, ಅದೇ ಕಿರ್ಗಿಸ್ತಾನ್ ತಜಿಕಿಸ್ತಾನ್ ಗಡಿ, ಅದನ್ನ ದಾಟಿ ಕಾರಾಕುಲ್ ಕೆರೆ ಹತ್ರ ರಾತ್ರಿ ಉಳಿಯೋದು, ಅದು 3,900ಕ್ಕೂ ಮೇಲೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತ ಡಾಕ್ಟರುಗಳು ಹೇಳ್ತಾರೆ, ಇಲ್ಲಿ ಒಂದೇ ದಿನಕ್ಕೆ 700 ಮೀಟರ್ ಮೇಲಾಗುತ್ತೆ, ಅದೂ ಹಿಂದಿನ ದಿನ 2,000 ಮೀಟರ್ ಏರಿ ಬಂದ ಮೇಲೆ. ನಮ್ಮ ಡಾಕ್ಟರು ಬುಕಿಂಗ್ ಟೈಮಲ್ಲೇ ಫೋನ್ ಮಾಡಿ ಸಾರಿ-ತಾಶಲ್ಲಿ ಎರಡು ರಾತ್ರಿ ಮಾಡ್ರಿ, ಬೇಕಾದ್ರೆ ದುಶಾಂಬೇಲಿ ಒಂದು ದಿನ ತೆಗೀರಿ ಅಂದಿದ್ರು. ಅದಕ್ಕೆ ಆಫೀಸಿನವ್ರು, ಸರ್ ಇದು ಟ್ರೆಕ್ಕಿಂಗ್ ಅಲ್ಲ, ಗಾಡೀಲಿ ಕೂತು ಹೋಗೋದು, ಏನೂ ಆಗಲ್ಲ ಅಂದ್ರಂತೆ. ಗಾಡೀಲಿ ಹೋಗೋದ್ರಿಂದ್ಲೇ ತೊಂದ್ರೆ ಜಾಸ್ತಿ ರೀ. ನಡ್ಕೊಂಡು ಹೋಗೋನು ವಾರಗಟ್ಟಲೆ ತಗೊಂಡು ಏರ್ತಾನೆ, ಮೈ ಒಗ್ಗಿಕೊಳ್ಳುತ್ತೆ, ಗಾಡಿ ನಾಲ್ಕು ತಾಸಲ್ಲಿ ಏರಿಸಿಬಿಡುತ್ತೆ.

ಕಾರಾಕುಲ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ನಾದಿನಿಗೆ ತಲೆ ಸಿಡಿಯೋಕೆ ಶುರುವಾಯ್ತು, ಊಟ ಮಾಡಿದ್ದೆಲ್ಲಾ ವಾಂತಿ, ಕೂತ್ರೂ ಆಗ್ತಿಲ್ಲ ಮಲಗಿದ್ರೂ ಆಗ್ತಿಲ್ಲ. ಡಾಕ್ಟರು ಬೆರಳಿಗೆ ಆಕ್ಸಿಮೀಟರ್ ಹಾಕಿದ್ರೆ ರಕ್ತದಲ್ಲಿ ಆಕ್ಸಿಜನ್ 74 ತೋರಿಸ್ತು. ನಮ್ಮದೆಲ್ಲಾ 84, 86 ಹಿಂಗಿತ್ತು. ಇಂಥ ಹೊತ್ತಲ್ಲಿ ಮಾಡಬೇಕಾಗಿರೋದು ಒಂದೇ, ಕೆಳಗೆ ಇಳಿಸೋದು. ಆದ್ರೆ ಕಾರಾಕುಲ್‌ನಿಂದ ಕೆಳಗೆ ಇಳಿಯೋ ದಾರೀನೇ ಇಲ್ಲ ನೋಡ್ರಿ! ಹಿಂದಕ್ಕೆ ಹೋದ್ರೆ 4,280ರ ಕಿಜಿಲ್-ಆರ್ಟ್ ಹತ್ತಬೇಕು, ಮುಂದಕ್ಕೆ ಹೋದ್ರೆ 4,655 ಮೀಟರಿನ ಅಕ್-ಬೈತಾಲ್ ಪಾಸ್, ಇಡೀ ರಸ್ತೇಲೇ ಎತ್ತರದ್ದು. ಇಳೀಬೇಕಂದ್ರೆ ಮೊದಲು ಹತ್ತಬೇಕು. ಅದರ ಮೇಲೆ ಹಿಂದಕ್ಕೆ ಹೋಗೋಣ ಅಂದ್ರೂ ನಮ್ಗೆ ತೆಗ್ಸಿದ್ದ ಕಿರ್ಗಿಸ್ತಾನ್ ವೀಸಾ ಸಿಂಗಲ್ ಎಂಟ್ರಿ, ಗಡಿ ದಾಟಿದ ಕೂಡಲೇ ಮುಗೀತು, ರಾತ್ರಿ ಹೊತ್ತು ಗಡಿ ಪೋಸ್ಟ್ ತೆಗ್ಸೋದು ಬೇರೆ ಕಷ್ಟ, ಎರಡೂ ದೇಶದ ಪೋಸ್ಟ್ ಮಧ್ಯೆ ಸುಮಾರು 20 ಕಿಲೋಮೀಟರ್ ಯಾರೂ ಇಲ್ಲದ ರಸ್ತೆ. ಹೆಲಿಕಾಪ್ಟರ್ ಕರೆದ್ರೆ ಬರುತ್ತೆ ಅನ್ನೋ ಜಾಗಾನೂ ಅಲ್ಲ. ಅದಕ್ಕೇ ಕಾರಾಕುಲ್‌ಗೆ ಬರೋ ಮುಂಚೆ ಸಾರಿ-ತಾಶಲ್ಲಿ ಇನ್ನೊಂದು ರಾತ್ರಿ ಬೇಕೇ ಬೇಕು ಅಂತ ಇಷ್ಟು ಒತ್ತಿ ಹೇಳ್ತಿರೋದು.

ಆ ರಾತ್ರಿ ನಮ್ಮನ್ನ ಕಾಪಾಡಿದ್ದು ನಮ್ಮ ಗಾಡಿ ಡ್ರೈವರ್. ಮುರ್ಗಾಬ್ ಊರಿನವ್ರು, ಐವತ್ತರ ಮೇಲಿರಬೇಕು ವಯಸ್ಸು, ಇಂಗ್ಲಿಷ್ ಹತ್ತು ಪದ ಬಂದ್ರೆ ಹೆಚ್ಚು. ಯಾರೂ ಕರೆಯೋ ಮುಂಚೆ ತಮ್ಮ ಲ್ಯಾಂಡ್ ಕ್ರೂಸರ್ ಸೀಟ್ ಹಿಂದಿಂದ ಆಕ್ಸಿಜನ್ ಸಿಲಿಂಡರ್ ಎತ್ಕೊಂಡು ಬಂದ್ರು, ರೆಗ್ಯುಲೇಟರ್ ತಾವೇ ತಿರುವಿ ಅಳತೆ ನೋಡಿ ಮಾಸ್ಕ್ ಹಾಕಿದ್ರು, ನಾದಿನಿ ಬೆನ್ನಿಗೆ ಎರಡು ಹಾಸಿಗೆ ಮಡಚಿ ಒರಗಿಸಿ ಕೂರಿಸಿದ್ರು, ಮಲಗಿಸಬೇಡ್ರಿ ಅಂತ ಕೈಯಲ್ಲೇ ತೋರಿಸಿದ್ರು. ಡಾಕ್ಟರು ಎತ್ತರದ ಕಾಯಿಲೆಗೆ ಕೊಡೋ ಔಷಧಿ ಡಯಾಮಾಕ್ಸ್ ಕೊಟ್ರು, ಡೆಕ್ಸಾನೂ ಕೊಟ್ರು. ಬೆಳಗಿನ ಜಾವದವರೆಗೂ ಆ ಮನುಷ್ಯ ಬಾಗಿಲ ಹತ್ರ ಕೂತಿದ್ರು, ಸಗಣಿ ಒಲೆ ಆರದಂಗೆ ನೋಡ್ಕೊಂಡು. ಬೆಳಕು ಹರಿದ ಮೇಲೆ ರೀಡಿಂಗ್ 83ಕ್ಕೆ ಬಂತು, ಮಾಸ್ಕ್ ಹಾಕ್ಕೊಂಡೇ ಅಕ್-ಬೈತಾಲ್‌ನಲ್ಲಿ ಎಲ್ಲೂ ನಿಲ್ಲಿಸದೆ ದಾಟಿಸಿ ಮುರ್ಗಾಬ್‌ಗೆ ಇಳಿಸಿದ್ರು, ಅಲ್ಲಿ ಆಸ್ಪತ್ರೆ ಐತೆ, ಎತ್ತರಾನೂ 300 ಮೀಟರ್ ಕಮ್ಮಿ. ಮುಂದೆ ವಾಖಾನ್ ಕಣಿವೆಗೆ ಇಳಿಯೋ ಹೊತ್ತಿಗೆ ನಾದಿನಿ ಪೂರ್ತಿ ಹುಷಾರಾದ್ರು. ಆ ಸಿಲಿಂಡರ್ ಕಂಪನಿ ಕೊಟ್ಟಿದ್ದಲ್ಲ ಅಂತ ಆಮೇಲೆ ಗೊತ್ತಾಯ್ತು, ಡ್ರೈವರ್ ಸ್ವಂತದ್ದು. ನೀವು ಬುಕ್ ಮಾಡುವಾಗ ಪ್ರತಿ ಗಾಡೀಲೂ ಆಕ್ಸಿಜನ್ ಇರುತ್ತಾ, ಯಾರು ತುಂಬಿಸ್ತಾರೆ ಅಂತ ಬರವಣಿಗೇಲಿ ಕೇಳ್ರಿ. ಇನ್ಶೂರೆನ್ಸೂ ಅಷ್ಟೇ, ಕೆಲವು ಪಾಲಿಸಿ ಇಂತಿಷ್ಟು ಮೀಟರ್ ಮೇಲೆ ಕವರ್ ಮಾಡಲ್ಲ ಅಂತ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ, 5,000 ಮೀಟರ್‌ವರೆಗೆ ಐತಾ ನೋಡ್ಕೊಳ್ರಿ. ಬಿಪಿ, ಹಾರ್ಟು ಪ್ರಾಬ್ಲಂ ಇರೋರು ತಮ್ಮ ಡಾಕ್ಟರನ್ನ ಕೇಳದೆ ಹೆಸರೇ ಕೊಡಬೇಡ್ರಿ.

ಇಷ್ಟೆಲ್ಲಾ ಆದ್ರೂ ಹೋಗ್ರಿ ಅಂತ ಯಾಕೆ ಹೇಳ್ತೀನಿ ಅಂದ್ರೆ ಅಲ್ಲಿ ನೋಡಿದ್ದು ಅಂಥದ್ದು. ಕಾರಾಕುಲ್ ಕೆರೆ ಉಲ್ಕೆ ಬಿದ್ದು ಆದ ಗುಂಡಿ, ನೀರು ಹೊರಗೆ ಹರಿಯಲ್ಲ, ಉಪ್ಪುಪ್ಪು, ಬೆಳಿಗ್ಗೆ ಒಂದು ಬಣ್ಣ ಮಧ್ಯಾಹ್ನ ಒಂದು ಬಣ್ಣ. ರಸ್ತೆ ಪಕ್ಕದಲ್ಲೇ ಚೀನಾ ಕಡೆ ತಂತಿ ಬೇಲಿ ಮೈಲಿಗಟ್ಟಲೆ ಹೋಗ್ತಾನೇ ಇರುತ್ತೆ. ಮುರ್ಗಾಬ್‌ನಲ್ಲಿ ಸಂತೆ ಅಂದ್ರೆ ಹಡಗಿನ ಕಂಟೇನರ್‌ಗಳನ್ನ ಸಾಲಾಗಿ ಇಟ್ಟು ಅದರೊಳಗೇ ಅಂಗಡಿ. ಆಮೇಲೆ ವಾಖಾನ್ ಕಣಿವೆ, ನನ್ಗಂತೂ ಇಡೀ ಟೂರಲ್ಲಿ ಅದೇ ಹೆಚ್ಚು. ಪಂಜ್ ನದಿ ಈ ಕಡೆ ತಜಿಕಿಸ್ತಾನ್, ಆ ಕಡೆ ಅಫ್ಘಾನಿಸ್ತಾನ್, ಕೆಲವು ಕಡೆ ನಮ್ಮ ಹರಿಹರದ ತುಂಗಭದ್ರೆಗಿಂತ ಎಷ್ಟೋ ಸಣ್ಣದು. ಆ ದಡದಲ್ಲಿ ಕತ್ತೆ ಮೇಲೆ ಹುಲ್ಲು ಹೇರ್ಕೊಂಡು ಹೋಗೋರು ಕಾಣ್ತಾರೆ, ಹುಡುಗ್ರು ಕೈ ಬೀಸ್ತಾರೆ. ಎರಡೂ ದಡದಲ್ಲಿ ಇರೋದು ಒಂದೇ ಜನ, ಬ್ರಿಟಿಷರು ರಷ್ಯಾದವ್ರು ತಮ್ಮ ಸಾಮ್ರಾಜ್ಯಗಳ ಗಡಿ ಒಂದಕ್ಕೊಂದು ತಾಗಬಾರದು ಅಂತ 1895ರಲ್ಲಿ ಪಾಮಿರ್ ಗಡಿ ಗೆರೆ ಎಳೆದು ಮುಗಿಸಿದ್ರು, ಅಲ್ಲಿಂದ ಇವ್ರು ಈ ಕಡೆ ಅವ್ರು ಆ ಕಡೆ. ವ್ರಾಂಗ್ ಅನ್ನೋ ಹಳ್ಳಿ ಮೇಲೆ ಬೌದ್ಧ ಸ್ತೂಪ ಐತೆ. ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ವಾಪಸ್ ಚೀನಾಕ್ಕೆ ಹೋಗಿದ್ದು ಈ ವಾಖಾನ್ ಕಡೆಯಿಂದಲೇ ಅಂತ ಗೈಡ್ ಹೇಳಿದಾಗ ನಮ್ಮ ಮನೆಯವ್ರು ಸುಮಾರು ಹೊತ್ತು ಆ ಸ್ತೂಪದ ಹತ್ರಾನೇ ನಿಂತ್ರು, ಗಾಡಿ ಹಾರ್ನ್ ಹೊಡೆದ್ರೂ ಬರ್ಲಿಲ್ಲ. ಯಾಮ್‌ಚುನ್ ಕೋಟೆ ಹತ್ರ ಬೀಬಿ ಫಾತಿಮಾ ಬಿಸಿನೀರಿನ ಬುಗ್ಗೆ ಐತೆ, ಗಂಡಸ್ರು ಹೆಂಗಸ್ರಿಗೆ ಬೇರೆ ಬೇರೆ ಹೊತ್ತು, ತಪ್ಪಿಸ್ಕೋಬೇಡ್ರಿ, ಅಷ್ಟು ದಿನದ ಧೂಳು ಹೋಗಿ ಮೈ ಹಗುರಾಗುತ್ತೆ.

ಊಟ. ನಾವು ಶುದ್ಧ ಸಸ್ಯಾಹಾರಿ, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬ್ರೋಷರಲ್ಲಿ ವೆಜ್ ಮೀಲ್ಸ್ ಅವೈಲೆಬಲ್ ಅಂತ ಹಾಕಿದ್ರು, ಮುರ್ಗಾಬ್ ಕಡೆ ಅದರರ್ಥ ಬ್ರೆಡ್ಡು, ಆಲೂಗಡ್ಡೆ, ಚಾ. ತಪ್ಪು ಅಲ್ಲಿ ಜನರದ್ದಲ್ಲ, ಆ ಎತ್ತರದಲ್ಲಿ ತರಕಾರಿ ಬೆಳೆಯೋದೇ ಕಷ್ಟ, ದೂರದಿಂದ ಲಾರೀಲಿ ಬರಬೇಕು, ಇದನ್ನ ಕಂಪನಿ ಮೊದಲೇ ಹೇಳಬೇಕಿತ್ತು. ಸೂಪು ಕೊಟ್ರೆ ಮಾಂಸದ ನೀರಾ ಅಂತ ಕೇಳಿನೇ ಕುಡೀರಿ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಶೇಂಗಾ ಹೋಳಿಗೆ ಒಯ್ದಿದ್ವಿ, ಅದೇ ಕೈ ಹಿಡೀತು. ವಾಖಾನ್‌ನಲ್ಲಿ ಉಳ್ಕೊಂಡ ಮನೆ ಅಜ್ಜಿ ದೊಡ್ಡ ಬಟ್ಟಲಲ್ಲಿ ಗಟ್ಟಿ ಮೊಸರು ತಂದಿಟ್ರು, ನಾವು ರೊಟ್ಟಿ ಮುರಿದು ಚಟ್ನಿಪುಡಿ ಕಲಸಿ ತಿಂತಿದ್ರೆ ತಾವೂ ಒಂದು ಚೂರು ತಗೊಂಡು ಮೊಸರಲ್ಲಿ ಅದ್ದಿ ತಿಂದ್ರು, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದ್ರೂ ಇನ್ನೊಂದು ಚೂರು ಬೇಕು ಅಂತ ಕೈ ಚಾಚಿದ್ರು. ಬೆಳಿಗ್ಗೆ ಶೀರ್ ಚಾಯ್ ಅಂತ ಕೊಡ್ತಾರೆ, ಹಾಲು ಉಪ್ಪು ಬೆಣ್ಣೆ ಹಾಕಿದ ಚಾ, ಅದರಲ್ಲಿ ಬ್ರೆಡ್ ಮುರಿದು ಹಾಕ್ಕೊಂಡು ತಿನ್ನೋದು, ಆ ಚಳಿಗೆ ಅದು ಚೆನ್ನಾಗಿ ಹೊಂದುತ್ತೆ. ದುಶಾಂಬೆಗೆ ಬಂದ ಮೇಲೆ ಕುರುತೋಬ್ ತಿನ್ಲೇಬೇಕು, ಪದರ ಪದರದ ರೊಟ್ಟಿ ಮುರಿದು ಹುಳಿ ಮೊಸರಿನ ರಸದಲ್ಲಿ ನೆನೆಸಿ ಮೇಲೆ ಈರುಳ್ಳಿ ಟೊಮೇಟೊ ಸೊಪ್ಪು, ಒಂದೇ ಮರದ ತಟ್ಟೇಲಿ ಎಲ್ಲಾರೂ ಕೈ ಹಾಕಿ ತಿನ್ನೋದು. ಮಾಂಸ ಹಾಕಬೇಡ್ರಿ ಅಂತ ಮೊದಲೇ ಹೇಳಿದ್ರೆ ಸಾಕು.

ಉಳಿಯೋದು ಬಹುತೇಕ ಮನೆಗಳಲ್ಲಿ, ನೆಲದ ಮೇಲೆ ದಪ್ಪ ಹಾಸಿಗೆ. ಪಾಮಿರಿ ಮನೆ ಒಳಗೆ ಐದು ಕಂಬ, ಮೇಲೆ ಚಾವಣೀಲಿ ಒಂದರೊಳಗೊಂದು ನಾಲ್ಕು ಚೌಕದ ಬೆಳಕಿಂಡಿ, ಮಲಗಿ ಅದನ್ನೇ ನೋಡ್ತಾ ಇರಬಹುದು. ಈ ಕಡೆ ಜನ ಶಿಯಾ ಮುಸ್ಲಿಮರಲ್ಲಿ ಇಸ್ಮಾಯಿಲಿ ಪಂಥದವ್ರು, ಹೆಂಗಸ್ರು ನಮ್ಮ ಜೊತೆಗೇ ಕೂತು ಊಟ ಮಾಡ್ತಾರೆ, ಮಾತಾಡ್ತಾರೆ. ಟಾಯ್ಲೆಟ್ ಮಾತ್ರ ಹೊರಗೆ, ಗುಂಡಿ ಟಾಯ್ಲೆಟ್, ರಾತ್ರಿ ಟಾರ್ಚ್ ಹಿಡ್ಕೊಂಡು ಚಳೀಲಿ ಹೋಗಬೇಕು, ದಾರೀಲಿ ಅದೂ ಇರಲ್ಲ, ಬಂಡೆ ಮರೆ ಹುಡುಕಬೇಕು. ಹೆಂಗಸ್ರಿಗೆ ಇದು ದೊಡ್ಡ ವಿಷಯ. ತಜಿಕಿಸ್ತಾನದ ಪಾಮಿರ್ ಭಾಗದ ಮುಖ್ಯ ಊರು ಖೋರೋಗ್, ಆ ಕಡೆಯ ಒಬ್ಬ ಹೆಣ್ಮಗಳು ನಮ್ಮ ಲೋಕಲ್ ಗೈಡ್ ಆಗಿದ್ಲು, ಎಲ್ಲಿ ನಿಲ್ಲಿಸಬೇಕು ಅಂತ ನಾವು ಕೇಳೋ ಮುಂಚೆ ಅವಳೇ ಡ್ರೈವರ್‌ಗೆ ಹೇಳೋಳು, ಸಂಕೋಚ ಪಡೋ ಪ್ರಸಂಗನೇ ಬರ್ಲಿಲ್ಲ. ಹೆಂಗಸ್ರಿರೋ ಗ್ರೂಪಿಗೆ ಮಹಿಳಾ ಗೈಡ್ ಕೊಡ್ತೀರಾ ಅಂತ ಕೇಳ್ರಿ.

ಸೇಫಾ ಅಂದ್ರೆ, ನಾವು ಹೋದಾಗ ಒಂದು ಕಡೇನೂ ಭಯ ಆಗ್ಲಿಲ್ಲ. ಆದ್ರೆ 2022ರಲ್ಲಿ ಖೋರೋಗ್ ಕಡೆ ಗಲಾಟೆ ಆಗಿ ಸ್ವಲ್ಪ ಕಾಲ ಪ್ರವಾಸಿಗರನ್ನ ಬಿಡ್ತಿರಲಿಲ್ಲ, ಕಿರ್ಗಿಸ್ತಾನ್ ತಜಿಕಿಸ್ತಾನ್ ನಡುವೆ ಗಡಿ ಜಗಳ ಆಗಿ ವರ್ಷಗಟ್ಟಲೆ ಗಡಿ ಮುಚ್ಚಿತ್ತು, 2025ರ ಮಾರ್ಚಲ್ಲಿ ಒಪ್ಪಂದ ಆದ ಮೇಲೆ ತೆಗೆದ್ರು. ಹೋಗೋ ವಾರದಲ್ಲಿ ಪರಿಸ್ಥಿತಿ ಹೆಂಗೈತೆ, ರಸ್ತೆ ಮುಚ್ಚಿದ್ರೆ ಬದಲಿ ರೂಟ್ ಯಾವುದು, ದುಡ್ಡು ಎಷ್ಟು ವಾಪಸ್, ಇದು ಅಗ್ರಿಮೆಂಟಲ್ಲಿ ಇರಬೇಕು, ನಮ್ಮದ್ರಲ್ಲಿ ಇರಲಿಲ್ಲ. ತಜಿಕಿಸ್ತಾನ್ ಇ-ವೀಸಾ ಜೊತೆ ಗೋರ್ನೋ-ಬದಖ್ಶಾನ್, ಅಂದ್ರೆ ಈ ಪಾಮಿರ್ ಪ್ರಾಂತ್ಯದ ಪರ್ಮಿಟ್ ಬೇರೆ ಬೇಕು, ಚೆಕ್‌ಪೋಸ್ಟಲ್ಲಿ ಕೇಳ್ತಾನೇ ಇರ್ತಾರೆ, ನಾಲ್ಕೈದು ಜೆರಾಕ್ಸ್ ಇಟ್ಕೊಳ್ರಿ. ನಮ್ಮ ಪರ್ಮಿಟ್ ಒಬ್ರದ್ದು ಪಾಸ್‌ಪೋರ್ಟ್ ನಂಬರ್ ತಪ್ಪು ಟೈಪ್ ಮಾಡಿದ್ರು ಆಫೀಸಿನವ್ರು, ಗಡೀಲಿ ಎರಡು ತಾಸು ಗಾಳೀಲಿ ನಿಂತ್ವಿ. ಕೈಗೆ ಬಂದ ಕೂಡಲೇ ಪಾಸ್‌ಪೋರ್ಟ್ ಪಕ್ಕ ಇಟ್ಟು ಒಂದೊಂದೇ ಅಂಕಿ ಸರಿ ನೋಡ್ರಿ. ಸೈನಿಕರ, ಪೋಸ್ಟಿನ ಫೋಟೋ ತೆಗೀಬೇಡ್ರಿ.

ದುಡ್ಡು: ತಲೆಗೆ ಎರಡೂವರೆ ಲಕ್ಷದ ಆಸುಪಾಸು, ಡೆಲ್ಲಿಯಿಂದ ಡೆಲ್ಲಿಗೆ. ಇದರ ಮೇಲೆ ಜಿಎಸ್‌ಟಿ, ಟಿಸಿಎಸ್ (ಕಂಪನಿಯವ್ರು ನಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ) ಬೇರೆ. ಟಿಸಿಎಸ್ ರಿಟರ್ನ್ ಫೈಲ್ ಮಾಡುವಾಗ ಲೆಕ್ಕಕ್ಕೆ ಬರುತ್ತೆ, ಸರ್ಟಿಫಿಕೇಟ್ ಕೇಳಿ ಇಸ್ಕೊಳ್ರಿ, ನಮ್ಗೆ ಕೊಡೋಕೆ ಬಹಳ ಸತಾಯಿಸಿದ್ರು. ಬೆಟ್ಟದ ಮೇಲೆ ಎಟಿಎಂ ನಂಬ್ಕೋಬೇಡ್ರಿ, ಮಡಿಕೆ ಬೀಳದ ಹೊಸ ಡಾಲರ್ ನೋಟು ಒಯ್ರಿ. ಒಂದು ಗಾಡಿಗೆ ನಾಲ್ಕೇ ಜನ ಕೂರಿಸಿದ್ರು, ಅದು ಈ ಕಂಪನಿ ಮಾಡಿದ ಒಳ್ಳೇ ಕೆಲಸ, ಆರು ಜನ ತುಂಬೋರೂ ಇದಾರಂತೆ, ಆ ರಸ್ತೇಲಿ ಹಿಂದಿನ ಸೀಟಲ್ಲಿ ಕೂತೋರ ಸೊಂಟ ಹೋಗುತ್ತೆ. ಡ್ರೈವರ್‌ಗೆ ಟಿಪ್ಸ್ ಪ್ಯಾಕೇಜಲ್ಲಿ ಸೇರಿಲ್ಲ, ಧಾರಾಳವಾಗಿ ಕೊಡ್ರಿ.

ವಾಪಸ್ ಬಂದ ಮೇಲೆ ಡಾಕ್ಟರು ಎತ್ತರದ ಲೆಕ್ಕ, ಆ ರಾತ್ರಿಯ ರೀಡಿಂಗ್ ಎಲ್ಲಾ ಹಾಕಿ ಕಂಪನಿಗೆ ಮೇಲ್ ಬರೆದ್ರು, ಮುಂದಿನ ಬ್ಯಾಚಿಂದ ಸಾರಿ-ತಾಶ್ ಎರಡು ರಾತ್ರಿ ಮಾಡೋದು ಪರಿಶೀಲಿಸ್ತೀವಿ ಅಂತ ಉತ್ತರ ಬಂದೈತೆ. ಪರಿಶೀಲಿಸ್ತೀವಿ ಸಾಲದು, ನೀವು ಯಾವ ಕಂಪನಿ ಜೊತೆ ಹೋದ್ರೂ ಐಟಿನರೀಲಿ ಆ ಎರಡನೇ ರಾತ್ರಿ ಅಚ್ಚಾಗಿ ಬರೋವರೆಗೂ ದುಡ್ಡು ಕಳಿಸಬೇಡ್ರಿ. ಹೋಗೋಕೆ ಒಳ್ಳೇ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್. ಪ್ಯಾಕಿಂಗ್ ಬಗ್ಗೆ, ರೊಟ್ಟಿ ಎಷ್ಟು ದಿನ ಬಂತು ಅನ್ನೋದರ ಬಗ್ಗೆ ಏನಾದ್ರೂ ಇದ್ರೆ ಕೇಳ್ರಿ, ಗೊತ್ತಿದ್ದಷ್ಟು ಹೇಳ್ತೀನಿ.