ಭುಜ ಜಾರಿದರೆ ಮನೆಯಲ್ಲಿ ಎಳೆಸಬೇಡಿ, ಎಳೆಸಿದ್ದರೆ ಇದನ್ನು ಓದಿ

ಮಲೆನಾಡಿನಲ್ಲಿ ಜುಲೈ ಬಂತೆಂದರೆ ಅಂಗಳದ ತುಂಬಾ ಪಾಚಿ. ಅಡಿಕೆ ದಬ್ಬೆ ಹಾಸಿದ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೂ ಜಾರುತ್ತದೆ. 56 ವರ್ಷದ, ಸಕ್ಕರೆ ಕಾಯಿಲೆ ಇರುವ ಒಬ್ಬ ಹೆಂಗಸು ಕೊಟ್ಟಿಗೆಯಿಂದ ಬರುವಾಗ ಹೀಗೇ ಜಾರಿ ಬಲಗೈ ಊರಿಕೊಂಡು ಬಿದ್ದರು. ಭುಜದ ದುಂಡು ಹೋಗಿ ಮೂಲೆ ಎದ್ದ ಹಾಗೆ ಕಂಡಿತು, ಕೈಯನ್ನು ಮೈಗೆ ತಾಗಿಸಲು ಆಗಲಿಲ್ಲ. ಕೀಲು ತಪ್ಪಿದೆ ಎಂದು ಮನೆಯವರಿಗೇ ತಿಳಿಯಿತು. ಉಳುಕು ತೆಗೆಯುವವರೊಬ್ಬರು ಬಂದು, ಕಂಕುಳಿಗೆ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದು ಜಗ್ಗಿದರು. ಕಟಕ್ ಅಂತ ಸದ್ದಾಯಿತು, ನೋವು ಅರ್ಧಕ್ಕರ್ಧ ಇಳಿಯಿತು. “ಅತ್ತಿಗೆ, ಕೂತ್ಕೊಂತು ನೋಡಿ” ಎಂದು ಮೈದುನ ನಿಟ್ಟುಸಿರು ಬಿಟ್ಟ. ಎಕ್ಸ್‌ರೇ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸೊಪ್ಪು ಅರೆದು ಹಚ್ಚಿ, ಬಿದಿರಿನ ಸೀಳು ಇಟ್ಟು, ಬಟ್ಟೆ ಸುತ್ತಿ 45 ದಿನ ಕಟ್ಟಿಟ್ಟರು.

ಕಟ್ಟು ಬಿಚ್ಚಿದಾಗ ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ತುರುಬು ಕಟ್ಟುವುದು, ರವಿಕೆಯ ಹುಕ್ಕು ಹಾಕುವುದು, ಅಟ್ಟದ ಮೇಲಿನ ಡಬ್ಬ ಇಳಿಸುವುದು, ಎಲ್ಲಕ್ಕೂ ಇನ್ನೊಬ್ಬರು ಬೇಕು. ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಗುಂಡು, ಅಂದರೆ ರಟ್ಟೆ ಮೂಳೆಯ ದುಂಡು ತಲೆ, ತನ್ನ ಜಾಗದಲ್ಲೇ ಇತ್ತು. ಆದರೆ ಗುಂಡಿನ ಹೊರಮಗ್ಗುಲಿನ ಗಂಟುಮೂಳೆ ಮುರಿದು, ಮೇಲಕ್ಕೆ ಸರಿದು, ಸರಿದ ಜಾಗದಲ್ಲೇ ಕೂಡಿಕೊಂಡಿತ್ತು. ಕೈ ಎತ್ತಿದಾಗಲೆಲ್ಲ ಅದು ಮೇಲಿನ ಚಾವಣಿ ಮೂಳೆಗೆ ಡಿಕ್ಕಿ ಹೊಡೆಯುತ್ತದೆ. ಮೊದಲ ದಿನ ಸಿಕ್ಕಿದ್ದರೆ ಸುಧಾರಿಸಬಹುದಾಗಿದ್ದ ಪೆಟ್ಟು ಈಗ ಆಪರೇಷನ್‌ವರೆಗೆ ಬಂದಿದೆ. ಇಂಥ ಭುಜಗಳು ಫಿಸಿಯೋ ಕೋಣೆಗೆ ಪ್ರತಿ ಮಳೆಗಾಲ ಬರುತ್ತವೆ. ಕೀಲು ಕೂತಿತು ಎಂಬ ಸಮಾಧಾನದಲ್ಲೇ ಉಳಿದ ಪೆಟ್ಟು ಮರೆಯಾಗಿಬಿಡುವುದು ಇದರಲ್ಲಿರುವ ಮೋಸ.

ಏಕೆ ಹೀಗೆ? ಭುಜದ ಬಟ್ಟಲು ಬಹಳ ಆಳವಿಲ್ಲದ್ದು, ಸಾಸರಿನ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಗುಂಡನ್ನು ಹಿಡಿದಿಡುವುದು ಬಟ್ಟಲಿನ ಅಂಚಿಗಿರುವ ಮೆತ್ತನೆಯ ಉಂಗುರ, ಕೀಲನ್ನು ಸುತ್ತಿರುವ ಚೀಲ, ಸುತ್ತಲಿನ ನಾಲ್ಕು ಸ್ನಾಯುಗಳ ಪಟ್ಟಿ. ಈ ನಾಲ್ಕರ ಗುಂಪಿಗೇ ರೊಟೇಟರ್ ಕಫ್ ಎನ್ನುತ್ತಾರೆ. ಗುಂಡು ಹೊರಬರುವಾಗ ಇವುಗಳಲ್ಲಿ ಯಾವುದಾದರೂ ಹರಿದಿರುತ್ತದೆ. ಹದಿನೆಂಟು ಇಪ್ಪತ್ತರ ಹುಡುಗರಲ್ಲಿ ಸಾಮಾನ್ಯವಾಗಿ ಉಂಗುರ ಕಿತ್ತುಬರುತ್ತದೆ. ನಲವತ್ತು ದಾಟಿದವರಲ್ಲಿ ಕಫ್ ಹರಿಯುತ್ತದೆ ಅಥವಾ ಅದು ಅಂಟಿಕೊಂಡಿರುವ ಗಂಟುಮೂಳೆ ಒಡೆಯುತ್ತದೆ. ರಟ್ಟೆ ಮೂಳೆಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಹೊರಗೆ ಗೊತ್ತಾಗದು. ಅಂಥ ಭುಜವನ್ನು ಜಗ್ಗಿದರೆ ಗುಂಡು ಒಂದು ಕಡೆ, ಮೂಳೆ ಒಂದು ಕಡೆ ಆಗಬಹುದು. ಗುಂಡಿಗೆ ಹೋಗುವ ರಕ್ತ ನಿಂತರೆ ಅದು ಸತ್ತು ಕುಸಿಯುತ್ತದೆ, ಕೊನೆಗೆ ಕೀಲು ಬದಲಿಸುವ ಮಾತು ಬರುತ್ತದೆ. ಇನ್ನು ಹಿಮ್ಮಡಿ ಇಡುವ ಆ ಕಂಕುಳಲ್ಲೇ ಕೈಗೆ ಹೋಗುವ ದೊಡ್ಡ ರಕ್ತನಾಳವೂ ನರಗಳ ಕಟ್ಟೂ ಹಾದುಹೋಗುತ್ತವೆ. ವಯಸ್ಸಾದವರ ರಕ್ತನಾಳಕ್ಕೆ ಹಿಗ್ಗುವ ಗುಣ ಕಡಿಮೆ, ಹರಿದರೆ ಕೈಗೇ ಕುತ್ತು.

ಆಸ್ಪತ್ರೆಯಲ್ಲೂ ಎಳೆಯುವುದೇ ತಾನೇ ಎಂದು ಕೇಳುವವರಿದ್ದಾರೆ. ಅಲ್ಲಿ ಮೊದಲು ಎಕ್ಸ್‌ರೇ ನೋಡುತ್ತಾರೆ. ಆಮೇಲೆ ಮಂಪರಿನ ಇಂಜೆಕ್ಷನ್ನೋ ಕೀಲಿನೊಳಗೇ ಮರಗಟ್ಟಿಸುವ ಔಷಧಿಯೋ ಕೊಟ್ಟು, ಸ್ನಾಯು ಸಡಿಲಾದ ಮೇಲೆ ನಿಧಾನವಾಗಿ ಕೂರಿಸುತ್ತಾರೆ. ಕೂರಿಸಿದ ಮೇಲೆ ಮತ್ತೊಂದು ಎಕ್ಸ್‌ರೇ. ಸ್ನಾಯು ಬಿಗಿಹಿಡಿದಿರುವಾಗ ಬಲ ಹಾಕಿ ಜಗ್ಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಬಿದ್ದ ಕೂಡಲೇ ಮಾಡಬೇಕಾದ್ದು ಸ್ವಲ್ಪವೇ. ಕೈ ಯಾವ ಭಂಗಿಯಲ್ಲಿ ನಿಂತಿದೆಯೋ ಅದೇ ಭಂಗಿಯಲ್ಲಿ ಇರಲಿ, ಒತ್ತಿ ಎದೆಗೆ ತರಬೇಡಿ. ಮೈಗೂ ಕೈಗೂ ನಡುವಿನ ಸಂದಿಯಲ್ಲಿ ಸಣ್ಣ ದಿಂಬು ಅಥವಾ ಮಡಿಸಿದ ಟವೆಲ್ ತುರುಕಿ, ಮೇಲಿಂದ ಪಂಚೆಯಲ್ಲೋ ಹಳೆ ಸೀರೆಯಲ್ಲೋ ಸಡಿಲವಾಗಿ ಕಟ್ಟಿ. ಆ ಕೈಯ ಬಳೆ, ಉಂಗುರ, ವಾಚು ಆಗಲೇ ತೆಗೆದುಬಿಡಿ, ಊತ ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಬಹುದು. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಪಾಪ, ಬಿದ್ದಿದ್ದಾರೆ ಎಂದು ಕಾಫಿ, ಬಿಸ್ಕತ್ತು, ಗಂಜಿ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಮಂಪರು ಕೊಡಲು ಹಿಂಜರಿಯುತ್ತಾರೆ. ಕಾಯುತ್ತಾ ಹೋದಷ್ಟೂ ಸ್ನಾಯು ಬಿಗಿಯುತ್ತದೆ, ಕೀಲು ಕೂರಿಸುವುದು ಕಷ್ಟವಾಗುತ್ತದೆ.

ದಾರಿಯಲ್ಲಿ ಎರಡು ವಿಷಯ ಪರೀಕ್ಷಿಸಿಕೊಳ್ಳಿ. ಬೆರಳು ತಣ್ಣಗೆ ಬಿಳಿಚಿಕೊಂಡಿದೆಯೇ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯೇ? ಸಿಗದಿದ್ದರೆ ಹತ್ತಿರದ ಸಣ್ಣ ಕ್ಲಿನಿಕ್ಕಿನಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೇ ಓಡಿ. ಎರಡನೆಯದು, ಭುಜದ ಹೊರಮೈಯಲ್ಲಿ, ಪೊಲೀಸರ ಅಂಗಿಯ ತೋಳಿನ ಬಿಲ್ಲೆ ಬರುವ ಜಾಗದಲ್ಲಿ, ಬೆರಳಿಂದ ಮೆಲ್ಲಗೆ ಸವರಿ ಇನ್ನೊಂದು ಭುಜಕ್ಕೆ ಹೋಲಿಸಿ. ಅಲ್ಲಿ ಸ್ಪರ್ಶ ಮಂದವಾಗಿದ್ದರೆ ಭುಜದ ಸ್ನಾಯುವಿಗೆ ಹೋಗುವ ಆಕ್ಸಿಲರಿ ನರಕ್ಕೆ ಪೆಟ್ಟಾಗಿರಬಹುದು. ಕೀಲು ಕೂರಿಸುವ ಮುಂಚೆಯೇ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಿ. ಈ ನರ ಬಹಳಷ್ಟು ಸಲ ತಿಂಗಳುಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಮಂದವಿದೆ ಎಂಬುದೇ ದಾಖಲಾಗದೆ ಹೋದರೆ, ಆರು ವಾರದ ನಂತರ ಭುಜದ ಮಾಂಸ ಇಳಿದು ಕೈ ಏಳದಿದ್ದಾಗ ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಮೇಲೆ ಹೇಳಿದ ಹೆಂಗಸಿಗೂ ಆ ಮಂದ ಇತ್ತಂತೆ. ಸೊಪ್ಪಿನ ತಂಪು ಅಂದುಕೊಂಡಿದ್ದರು.

ಕೂರಿಸಿದ ಮೇಲೆ ಕೈಯನ್ನು ಕತ್ತಿಗೆ ತೂಗುಹಾಕುವ ಜೋಳಿಗೆ (ಸ್ಲಿಂಗ್) ಹಾಕಿ ಕಳಿಸುತ್ತಾರೆ. ಅರ್ಧ ತಪ್ಪುಗಳು ಶುರುವಾಗುವುದು ಇಲ್ಲಿಂದ, ಅದೂ ವಯಸ್ಸಿಗೆ ತಕ್ಕಂತೆ ತಿರುಗಾಮುರುಗಾ. ಹುಡುಗರು ನಾಲ್ಕೇ ದಿನಕ್ಕೆ ಕಿತ್ತೆಸೆದು ವಾಲಿಬಾಲ್ ಕೋರ್ಟಿಗೆ ಇಳಿಯುತ್ತಾರೆ. ದೊಡ್ಡವರು ಪುಣ್ಯಕ್ಕೆ ಕೂತಿದೆ, ಅಲ್ಲಾಡಿಸುವುದೇ ಬೇಡ ಎಂದು ಎರಡು ತಿಂಗಳು ಬಿಡುವುದಿಲ್ಲ. ಮೂಳೆ ಮುರಿದಿಲ್ಲ ಎಂದರೆ ಸಾಮಾನ್ಯವಾಗಿ ಹರೆಯದವರಿಗೆ ಒಂದರಿಂದ ಮೂರು ವಾರ, ನಲವತ್ತು ದಾಟಿದವರಿಗೆ ಒಂದು ವಾರ, ಹತ್ತು ದಿನ ಸಾಕು. ವಯಸ್ಸಾದವರಲ್ಲಿ ಮತ್ತೆ ಜಾರುವ ಸಾಧ್ಯತೆ ಕಡಿಮೆ, ಬಿಗಿದು ಮರಗಟ್ಟುವ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. 45 ದಿನದ ಕಟ್ಟು ಅಂಥವರಿಗೆ ಶಿಕ್ಷೆಯೇ ಸರಿ. ಮೂಳೆ ಒಡೆದಿದ್ದರೆ ಲೆಕ್ಕ ಬೇರೆ, ಅದನ್ನು ನಿಮ್ಮ ಮೂಳೆ ಡಾಕ್ಟರೇ ಹೇಳಬೇಕು. ಗಂಟುಮೂಳೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಸ್ಕ್ರೂ ಹಾಕಿ ಕೂರಿಸುವುದನ್ನು ಸಾಮಾನ್ಯವಾಗಿ ಯೋಚಿಸುತ್ತಾರೆ. ಒಂದು ವಾರದ ನಂತರ ಮತ್ತೆ ಎಕ್ಸ್‌ರೇಗೆ ಕರೆದರೆ ದುಡ್ಡು ಕೀಳಲು ಅಂದುಕೊಳ್ಳಬೇಡಿ. ಮೊದಲ ದಿನ ಜಾಗದಲ್ಲಿದ್ದ ತುಂಡು ಆಮೇಲೆ ಸರಿಯುವುದುಂಟು.

ಜೋಳಿಗೆಯಲ್ಲಿ ಮಣಿಕಟ್ಟು ಮೊಣಕೈಗಿಂತ ಒಂಚೂರು ಮೇಲೆ ಇರಬೇಕು. ಅಂಗೈ ಚೀಲದಿಂದ ಹೊರಗೆ ನೇತಾಡಿದರೆ ಊದುತ್ತದೆ. ಪಟ್ಟಿಯ ಗಂಟು ಕತ್ತಿನ ಹಿಂದೆ ಎಲುಬಿನ ಮೇಲೆ ಬಾರದಂತೆ ಪಕ್ಕಕ್ಕೆ ಸರಿಸಿ, ಕೆಳಗೆ ಕರ್ಚೀಫು ಮಡಿಸಿಡಿ. ಎಚ್ಚರವಿದ್ದಾಗ ಗಂಟೆಗೊಮ್ಮೆ ಬೆರಳು ಮಡಚಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಚಾಚಿ ಮಡಚುವುದು ತಲಾ ಹತ್ತು ಸಲ ಮಾಡಿ. ಇದನ್ನು ಬಿಟ್ಟವರ ಮೊಣಕೈಯೂ ಗಟ್ಟಿಯಾಗಿ ಎರಡೆರಡು ಕೀಲಿಗೆ ಚಿಕಿತ್ಸೆ ಬೇಕಾಗುತ್ತದೆ.

ರಾತ್ರಿಯ ನೋವೇ ದೊಡ್ಡ ನೋವು. ಚಪ್ಪಟೆ ಮಲಗಿದರೆ ಮೊಣಕೈ ಹಿಂದಕ್ಕೆ ಬಿದ್ದು ಗುಂಡು ಮುಂದಕ್ಕೆ ಒತ್ತುತ್ತದೆ. ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಒರಗಿ, ಮೊಣಕೈ ಕೆಳಗೆ ಇನ್ನೊಂದು ದಿಂಬಿಟ್ಟು ಅದು ಎದೆಯ ಮಟ್ಟಕ್ಕೆ ಬರುವ ಹಾಗೆ ಮಾಡಿ. ಪೆಟ್ಟಾದ ಮಗ್ಗುಲಿಗೆ ಹೊರಳಬಾರದು. ಮಾತ್ರೆ ವಿಷಯಕ್ಕೆ ಬಂದರೆ, ಪ್ಯಾರಸಿಟಮಾಲ್ 650 ಮಿಲಿಗ್ರಾಂ ದಿನಕ್ಕೆ ಮೂರು ಸಲ ದೊಡ್ಡವರಿಗೆ ಸಾಮಾನ್ಯವಾಗಿ ಆಗಿಬರುತ್ತದೆ, ಲಿವರ್ ತೊಂದರೆ ಇದ್ದವರು ಮಾತ್ರ ಕೇಳಿಯೇ ನುಂಗಬೇಕು. ಮೆಡಿಕಲ್ ಶಾಪಿನವರು ಜತೆಗೆ ಕೊಡುವ ಡೈಕ್ಲೋಫೆನಾಕ್ ಕೂಡಿದ ಮಾತ್ರೆಯಲ್ಲಿ ಬಹಳ ಸಲ ಪ್ಯಾರಸಿಟಮಾಲೂ ಸೇರಿರುತ್ತದೆ. ಎರಡನ್ನೂ ನುಂಗಿದರೆ ಡೋಸು ಹೆಚ್ಚಾಗಿಬಿಡುತ್ತದೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂಟೆಗೆ ಹೋಗಬೇಡಿ.

ಅಂಗಿ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮುಂದೆ ಹುಕ್ಕಿರುವ, ತೋಳು ಸಡಿಲವಾದ ರವಿಕೆ ಅಥವಾ ಗುಂಡಿ ಅಂಗಿಯೇ ಅನುಕೂಲ. ಸ್ನಾನಕ್ಕೆ ಜೋಳಿಗೆ ತೆಗೆದು, ಮುಂದಕ್ಕೆ ಬಾಗಿ ಕೈಯನ್ನು ಸುಮ್ಮನೆ ಜೋತುಬಿಟ್ಟರೆ ಕಂಕುಳು ತೆರೆದುಕೊಳ್ಳುತ್ತದೆ. ಅಲ್ಲಿ ತೊಳೆದು ಒರೆಸಿ ಒಣಗಿಸಿ, ಇಲ್ಲದಿದ್ದರೆ ವಾರದಲ್ಲಿ ಕೆಂಪಗೆ ಹುಣ್ಣೇಳುತ್ತದೆ.

ವ್ಯಾಯಾಮ ಇದೇ ಬಾಗಿದ ಭಂಗಿಯಿಂದ ಶುರು. ಒಳ್ಳೆ ಕೈಯನ್ನು ಮೇಜಿಗೆ ಊರಿ ಬಾಗಿ, ಪೆಟ್ಟಾದ ಕೈಯನ್ನು ಗಡಿಯಾರದ ಲೋಲಕದ ಥರ ಬಿಟ್ಟು, ಮೈಯನ್ನು ತೂಗಿ ಕೈ ತಾನಾಗಿ ತೂಗುವಂತೆ ಮಾಡಬೇಕು: ಹಿಂದೆ ಮುಂದೆ, ಅಡ್ಡಡ್ಡ, ಆಮೇಲೆ ಸಣ್ಣ ಸುತ್ತು, ಒಂದೊಂದೂ ಹದಿನೈದಿಪ್ಪತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಭುಜದ ಸ್ನಾಯು ಬಳಸಿ ಕೈ ಬೀಸಿದರೆ ಉದ್ದೇಶವೇ ಕೆಟ್ಟಿತು. ಡಾಕ್ಟರು ಒಪ್ಪಿದ ಮೇಲೆ ಮೊಣಕೈ ಮೈಗಂಟಿಸಿ ಮುಷ್ಟಿಯನ್ನು ಗೋಡೆಗೆ ಒತ್ತುವುದು. ಐದು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ, ಒಮ್ಮೆ ಒಳಮುಖ, ಒಮ್ಮೆ ಹೊರಮುಖ. ಇಲ್ಲಿ ಕೀಲು ಅಲ್ಲಾಡುವುದಿಲ್ಲ, ಸ್ನಾಯು ಮಾತ್ರ ಎಚ್ಚರಗೊಳ್ಳುತ್ತದೆ. ಮೂರನೇ ವಾರದ ಹೊತ್ತಿಗೆ ಮಲಗಿಕೊಂಡು ಒಳ್ಳೆ ಕೈಯ ಸಹಾಯದಿಂದ ಇನ್ನೊಂದನ್ನು ಎತ್ತುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ರಬ್ಬರ್ ಬ್ಯಾಂಡಿನ ಸರದಿ ಸುಮಾರು ಆರು ವಾರದ ನಂತರ. ವ್ಯಾಯಾಮದ ನೋವು ಅರ್ಧ ಮುಕ್ಕಾಲು ಗಂಟೆಯಲ್ಲಿ ತಗ್ಗಿದರೆ ಸರಿಯಾದ ಅಳತೆ. ಆ ರಾತ್ರಿ ನಿದ್ದೆ ಕೆಡಿಸಿದರೆ ಮರುದಿನ ಅರ್ಧಕ್ಕಿಳಿಸಿ. ಬಿಗಿದ ಭುಜವನ್ನು ಮನೆಯವರು ಒತ್ತಿ ಎತ್ತಿಸುವುದು ಬೇಡವೇ ಬೇಡ.

ಮೊದಲ ಆರು ವಾರ ಒಂದು ಭಂಗಿಯಿಂದ ದೂರವಿರಿ: ಕೈ ಭುಜದೆತ್ತರಕ್ಕೆ ಎತ್ತಿ ಮುಂಗೈಯನ್ನು ಹಿಂದಕ್ಕೆ ತಿರುಗಿಸುವುದು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಬ್ರೇಕಿಗೆ ಜೋಲುವುದು, ಕಾರಿನ ಮುಂದಿನ ಸೀಟಿನಿಂದ ಹಿಂದಿನ ಸೀಟಿನ ಚೀಲಕ್ಕೆ ಕೈ ಚಾಚುವುದು, ಬಾಲ್ ಎಸೆಯುವುದು ಎಲ್ಲವೂ ಇದೇ. ಭುಜ ಮುಂದಕ್ಕೆ ಜಾರುವುದು ಈ ಭಂಗಿಯಲ್ಲೇ. ಕಬಡ್ಡಿಯಂಥ ಮೈ ತಾಗಿಸುವ ಆಟಕ್ಕೆ ಮೂರರಿಂದ ಆರು ತಿಂಗಳು, ಅದೂ ಎರಡೂ ಕೈಯ ಬಲ ಸಮನಾದ ಮೇಲೆ. ಇಪ್ಪತ್ತರೊಳಗಿನ ಆಟಗಾರರಲ್ಲಿ ಎರಡನೇ ಸಲ ಜಾರುವುದು ಬಹಳ ಸಾಮಾನ್ಯ. ಪ್ರತಿ ಸಲವೂ ಬಟ್ಟಲಿನ ಅಂಚು ಇನ್ನಷ್ಟು ಸವೆಯುತ್ತದೆ. ನಾನೇ ಕೂರಿಸ್ಕೋತೀನಿ ಎಂದು ಗೆಳೆಯರ ಮುಂದೆ ಜಂಬ ಕೊಚ್ಚುವ ಹುಡುಗರಿಗೆ ಇದು ಗೊತ್ತಿರಲಿ: ಮೂಳೆ ಸವೆಯುವ ಮುಂಚೆ ಬಂದರೆ ಸಣ್ಣ ತೂತಿನ ಮೂಲಕ ಮಾಡುವ ಕೀಹೋಲ್‌ನಲ್ಲಿ ಉಂಗುರ ಹೊಲಿದು ಮುಗಿಸಬಹುದು, ಸವೆದ ಮೇಲೆ ಪಕ್ಕದ ಮೂಳೆಯ ತುಂಡು ಕತ್ತರಿಸಿ ತಂದು ಕೂರಿಸಬೇಕಾಗುತ್ತದೆ.

ನಲವತ್ತು ದಾಟಿದವರು ಎರಡು ಮೂರು ವಾರದ ನಂತರ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಳ್ಳೆ ಕೈ ಎತ್ತಿಕೊಟ್ಟರೆ ಪೆಟ್ಟಾದ ಕೈ ಮೇಲೇರುತ್ತದೆ, ತಾನಾಗಿ ಎತ್ತಲು ಹೋದರೆ ಭುಜವೇ ಕಿವಿಯ ಕಡೆ ಕುಣಿಯುತ್ತದೆ, ಕೈ ಬರುವುದಿಲ್ಲ ಅಂದರೆ ಕಫ್ ಹರಿದಿರಬಹುದು ಅಥವಾ ನರ ಸೋತಿರಬಹುದು. ಎಕ್ಸ್‌ರೇಯಲ್ಲಿ ಕಫ್ ಕಾಣುವುದಿಲ್ಲ, ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ಇನ್ನೆರಡು ತಿಂಗಳು ವ್ಯಾಯಾಮ ಮಾಡಿ ನೋಡೋಣ ಎಂದು ಕಾಯಬೇಡಿ. ಹರಿದ ಸ್ನಾಯು ಹಿಂದೆ ಸರಿದು ಕೊಬ್ಬಾಗುತ್ತಾ ಹೋದರೆ ಆಮೇಲೆ ಹೊಲಿಯಲು ಎಟುಕುವುದಿಲ್ಲ. ಒಳ್ಳೆ ಕೈ ಎತ್ತಿದರೂ ಏಳದೆ, ಎಲ್ಲ ಕಡೆಗೂ ಬಿಗಿದು ನಿಂತಿದ್ದರೆ ಅದು ಮರಗಟ್ಟಿದ ಭುಜ. ಅದಕ್ಕೆ ಸಕ್ಕರೆ ಹತೋಟಿ, ಕೀಲಿಗೆ ಒಂದು ಇಂಜೆಕ್ಷನ್, ತಿಂಗಳುಗಟ್ಟಲೆ ತಾಳ್ಮೆ.

ಭುಜ ಜಾರಿ ವಾರಗಳೇ ಕಳೆದು ಇನ್ನೂ ಹೊರಗೇ ಇದ್ದರೆ ಯಾರೂ ಎಳೆಯಬಾರದು. ಮೂರು ವಾರ ಮೀರಿದರೆ ಗುಂಡಿನ ಸುತ್ತ ನಾರು ಬೆಳೆದು ರಕ್ತನಾಳವೂ ಅಂಟಿಕೊಂಡಿರಬಹುದು, ಸಾಮಾನ್ಯವಾಗಿ ಆಪರೇಷನ್ ಮಾಡಿ ತೆರೆದೇ ಕೂರಿಸಬೇಕು. ಪಂಪ್‌ಸೆಟ್ಟಿನ ಶಾಕ್ ಹೊಡೆದೋ ಮೂರ್ಛೆ ರೋಗದ ಫಿಟ್ಸ್ ಬಂದೋ ಆಮೇಲೆ ಭುಜ ನೋಯುತ್ತಿದ್ದರೆ ಅದು ಹಿಂದಕ್ಕೆ ಜಾರಿರಬಹುದು. ಆಗ ಭುಜದ ಆಕಾರ ಅಷ್ಟು ಕೆಡುವುದಿಲ್ಲ, ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲೂ ಎಲ್ಲ ಸರಿಯಿದ್ದಂತೆ ಕಂಡು ಮನೆಗೆ ಕಳಿಸಿಬಿಡುವುದುಂಟು. ಗುರುತು ಒಂದೇ: ಮೊಣಕೈ ಮೈಗಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಲು ಒಂದಿಷ್ಟೂ ಆಗುವುದಿಲ್ಲ. ಅದನ್ನು ಡಾಕ್ಟರೆದುರು ಮಾಡಿ ತೋರಿಸಿ, ಪಕ್ಕದಿಂದ ಇನ್ನೊಂದು ಎಕ್ಸ್‌ರೇ ತೆಗೆಸಬೇಕೇ ಎಂದು ಕೇಳಿ.