ಮಳೆಗಾಲದ ಮೆಟ್ಟುಗತ್ತಿಗೆ ಯಾವ ಮೇಣ?

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಮುಗಿದೊಡನೆ, ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿಗಳು ಅಟ್ಟ ಸೇರುತ್ತವೆ. ಕೊಬ್ಬರಿ ಎಣ್ಣೆ ಸವರಿಟ್ಟರೂ, ಮುಂದಿನ ಕೊಯ್ಲಿಗೆ ಇಳಿಸುವಾಗ ಅಲಗು ತುಕ್ಕು ಹಿಡಿದಿರುತ್ತದೆ. ಹೀಗಾಗಿ ಕಳೆದ ವರ್ಷ ಪೆಟ್ರೋಲಿಯಂ ಮೂಲದ ನಾಲ್ಕು ಮೇಣಗಳನ್ನು ನಾಲ್ಕು ಕತ್ತಿಗಳಿಗೆ ಬಳಿದು, ಮೃಗಶಿರಾ ಮಳೆಯಿಂದ ಚಿತ್ತಾ ಮಳೆಯವರೆಗೆ ಒಂದೇ ಗಳುವಿಗೆ ತೂಗುಹಾಕಿ ನೋಡಿದೆ.

ಲೂಬ್ರಿಕೇಟಿಂಗ್ ಎಣ್ಣೆ ಚಳಿಯಲ್ಲಿ ಗಟ್ಟಿಯಾಗದಿರಲೆಂದು ಸಂಸ್ಕರಣಾಗಾರದಲ್ಲಿ ಅದಕ್ಕೆ ದ್ರಾವಕ ಬೆರೆಸಿ, ತಣಿಸಿ, ಸೋಸಿದಾಗ ಬೇರೆಯಾಗುವ ಮೇಣವೇ ಸ್ಲ್ಯಾಕ್ ವ್ಯಾಕ್ಸ್. ಅದರಲ್ಲಿ ಉಳಿದ ಎಣ್ಣೆಯನ್ನು ತೆಗೆದು, ಬಣ್ಣ ಮತ್ತು ವಾಸನೆ ಕಳೆದರೆ ಮೇಣದಬತ್ತಿಯ ಪ್ಯಾರಾಫಿನ್ ಸಿಗುತ್ತದೆ. ಅಸ್ಸಾಮಿನ ದಿಗ್ಬೋಯ್ ಸಂಸ್ಕರಣಾಗಾರ ಈ ಮೇಣಕ್ಕೆ ಬಹುಕಾಲದಿಂದ ಹೆಸರಾಗಿದೆ. ಮೈಕ್ರೋಕ್ರಿಸ್ಟಲೈನ್ ಮೇಣವು ಇನ್ನೂ ಭಾರವಾದ, ತಳದಲ್ಲಿ ಉಳಿಯುವ ಎಣ್ಣೆಯಿಂದ ಬರುತ್ತದೆ. ಪೆಟ್ರೋಲಿಯಂ ಜೆಲ್ಲಿ ಎಲ್ಲರಿಗೂ ಪರಿಚಿತ. ಅಮೆರಿಕದ ರಸಾಯನಶಾಸ್ತ್ರಜ್ಞ ಚೆಸ್‌ಬ್ರೋ ಅದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ.

ನಾನು ಹೆಚ್ಚು ನಂಬಿದ್ದ ಪ್ಯಾರಾಫಿನ್ನೇ ಎಲ್ಲಕ್ಕಿಂತ ಮೊದಲು ಸೋತಿತು. ಅದರ ಹರಳುಗಳು ದೊಡ್ಡವು, ಹಾಳೆಯಂಥವು; ಆರುವಾಗ ಅದು ಸಾಕಷ್ಟು ಕುಗ್ಗುತ್ತದೆ, ಬಾಗಿದರೆ ಬಿರಿಯುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಅಲಗಿನಿಂದ ಚಕ್ಕೆ ಎದ್ದು, ಆ ಸಂದಿಗೆ ಇಳಿದ ತೇವ ಹೊರಬರಲಾಗದೆ ಒಳಗೇ ತುಕ್ಕು ಹಬ್ಬಿಸಿತ್ತು. ಮೈಕ್ರೋಕ್ರಿಸ್ಟಲೈನ್ ಮೇಣದ ಅಣುಗಳಲ್ಲಿ ಕವಲುಗಳು ಹೆಚ್ಚಾದ್ದರಿಂದ ಹರಳುಗಳು ಬಹಳ ಸಣ್ಣವಾಗಿ, ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಲೋಹಕ್ಕೆ ಅಂಟಿ, ಬಾಗಿಯೂ ಬಿರಿಯದೆ ನಿಲ್ಲುತ್ತವೆ. ಆ ಕತ್ತಿಯ ಅಲಗು ಚಿತ್ತಾ ಮಳೆಯಲ್ಲಿಯೂ ಹೊಳೆಯುತ್ತಿತ್ತು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಲೋಹದ ವಸ್ತುಗಳಿಗೆ ಇದನ್ನು ಬಳಿಯುವುದೂ, ಟಯರ್ ಬಿರಿಯದಂತೆ ರಬ್ಬರಿನಲ್ಲಿ ಬೆರೆಸುವುದೂ ಇದೇ ಗುಣಕ್ಕಾಗಿ. ಬಳಿಯುವ ಶ್ರಮ ಮಾತ್ರ ಹೆಚ್ಚು: ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಬೆಚ್ಚಗಿನ ಅಲಗಿಗೆ ತೆಳ್ಳಗೆ ಸವರಬೇಕು. ಮೇಣದ ಪಾತ್ರೆಯನ್ನು ನೇರವಾಗಿ ಬೆಂಕಿಯ ಮೇಲೆ ಎಂದೂ ಇಡಬಾರದು.

ಜೆಲ್ಲಿ ಬಳಿದ ಕತ್ತಿಗೆ ತುಕ್ಕು ಹಿಡಿಯಲಿಲ್ಲ, ಆದರೆ ಕೈ ತಗುಲಿದಲ್ಲೆಲ್ಲ ಒರೆಸಿಹೋಗುವುದರಿಂದ ಎರಡು ಬಾರಿ ಮತ್ತೆ ಬಳಿಯಬೇಕಾಯಿತು. ದಿನವೂ ಕೈಗೆ ಬರುವ ಕತ್ತಿಗೆ ಅದು ಸಾಕು. ನಾಲ್ಕೈದು ತಿಂಗಳು ಮುಟ್ಟದೆ ಇಡುವುದಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣವೇ ಆಗಬೇಕು.

ಸ್ಲ್ಯಾಕ್ ವ್ಯಾಕ್ಸ್ ಅಲಗನ್ನು ಕಾಪಾಡಿತು, ಆದರೆ ಎಣ್ಣೆ ಜಿನುಗಿ, ಧೂಳು ಹಿಡಿದು, ಒರೆಸಿದ ಮೇಲೂ ವಾಸನೆ ಉಳಿಯಿತು. ಅಡಿಕೆಗೆ ತಗಲುವ ಕತ್ತಿಗೆ ಅದನ್ನು ನಾನು ಒಪ್ಪಲಾರೆ. ಅದರ ಜಾಗ ಮರದಲ್ಲಿದೆ. ಪಾರ್ಟಿಕಲ್ ಬೋರ್ಡ್ ನೀರು ಹೀರದಂತೆ ಕಾರ್ಖಾನೆಗಳು ಅದನ್ನು ಬೆರೆಸುವುದನ್ನು ನೆನೆದು, ಹಸಿ ಹಲಸಿನ ಹಲಗೆಗಳ ತುದಿಗೆ ಉಳಿದದ್ದನ್ನೆಲ್ಲ ಬಳಿದೆ. ತುದಿಯಿಂದ ತೇವ ಬೇಗ ಆರುವುದೇ ಹಲಗೆ ಸೀಳಲು ಕಾರಣ. ಬಳಿದ ಹಲಗೆಗಳ ತುದಿ ಸೀಳಿಲ್ಲ, ಬಳಿಯದೆ ಬಿಟ್ಟ ಒಂದು ಹಲಗೆ ಗೇಣುದ್ದ ಸೀಳಿದೆ.